ಎರಡು ಮನೆ, ಒಂದು ಸರ್ವಿಸ್ ವೈರ್: ಮೀಟರ್ ಬದಲಾವಣೆ ನಿಂತುಹೋದ ಒಂದು ಪ್ರಕರಣ

ಎರಡು ಮನೆ ಒಂದೇ ಕರೆಂಟ್ ಹಂಚಿಕೊಂಡಿವೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಆ ಮಾತಿನೊಳಗೆ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು, ಮೀಟರ್‌ಗೆ ಬರುವ ಮುಂಚೆಯೇ ಇರುವ ಹಂಚಿಕೆ. ಕಂಬದಿಂದ ಬಂದ ಒಂದೇ ವೈರ್‌ನಿಂದ ಎರಡು ಮನೆಗೆ ಕರೆಂಟ್ ಹೋಗುತ್ತಿರುತ್ತದೆ. ಇನ್ನೊಂದು, ಮೀಟರ್ ದಾಟಿದ ಮೇಲೆ ಗೋಡೆಯೊಳಗೆ ಎಲ್ಲೋ ಎರಡು ಮನೆಯ ವೈರ್ ಸೇರಿಕೊಂಡಿರುತ್ತದೆ. ಮೊದಲನೆಯದು ಮೀಟರ್ ಬದಲಿಸಲು ಬಿಡುವುದಿಲ್ಲ. ಎರಡನೆಯದು ಬದಲಿಸಿದ ಮೇಲೆ ತಲೆ ಎತ್ತುತ್ತದೆ. ಈ ಪ್ರಕರಣದಲ್ಲಿ ನಾನು ಮೊದಲನೆಯದನ್ನು ಸರಿ ಮಾಡಿಸಿದೆ, ಎರಡನೆಯದನ್ನು ನೋಡಲೇ ಇಲ್ಲ. ಆ ತಪ್ಪಿಗೆ ಒಬ್ಬ ಹಿರಿಯರು ಮೂರು ತಿಂಗಳು ಜಾಸ್ತಿ ಬಿಲ್ ಕಟ್ಟಿದರು. ಬಿಲ್‌ಗಿಂತ ಹೆಚ್ಚಾಗಿ ನೊಂದುಕೊಂಡರು.

ಎರಡೂ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರು ಬರೀ ಕೆಳಮನೆಯವರು, ಮೇಲ್ಮನೆಯವರು.

ಮನೆ ಹೇಗಿತ್ತು

ಮೊದಲು ಅದು ಒಂದೇ ಅಂತಸ್ತಿನ ಮನೆ. ಎಷ್ಟೋ ವರ್ಷದ ನಂತರ ಮೇಲೆ ಇನ್ನೊಂದು ಮನೆ ಕಟ್ಟಿದರು. ಆಮೇಲೆ ಮೇಲಿನ ಭಾಗವನ್ನು ಬೇರೆಯವರಿಗೆ ಮಾರಿದರು. ಕೆಳಗೆ ನಿವೃತ್ತ ಶಿಕ್ಷಕಿಯೊಬ್ಬರು ಒಬ್ಬರೇ ಇದ್ದಾರೆ. ಮೇಲೆ ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗ ಮತ್ತು ಉಸಿರಾಟದ ತೊಂದರೆ ಇರುವ ತಾತ.

ಮೇಲ್ಮನೆಗೆ ಬೇರೆ ಮೀಟರ್ ಇತ್ತು, ಬಿಲ್ಲೂ ಬೇರೆ ಬರುತ್ತಿತ್ತು. ಹಾಗಾಗಿ ಎಲ್ಲ ಬೇರೆ ಬೇರೆ ಇದೆ ಅಂತಲೇ ಎರಡೂ ಮನೆಯವರು ನಂಬಿದ್ದರು. ಕೆಳಮನೆಯ ಪಡಸಾಲೆಯಲ್ಲಿದ್ದ ಮರದ ಬೋರ್ಡ್ ನೋಡಿದರೆ ಕತೆ ಬೇರೆಯೇ ಇತ್ತು. ಕಂಬದಿಂದ ಒಂದೇ ಸರ್ವಿಸ್ ವೈರ್ ಬಂದು ಒಂದೇ ಪಿಂಗಾಣಿ ಕಟೌಟ್‌ಗೆ, ಅಂದರೆ ಮನೆಯ ಮೊದಲ ಫ್ಯೂಸ್‌ಗೆ, ಸೇರುತ್ತಿತ್ತು. ಆ ಫ್ಯೂಸ್‌ನ ಕೆಳಗಿನ ಸ್ಕ್ರೂಗೆ ಎರಡು ವೈರ್ ತುರುಕಿದ್ದರು. ಒಂದು ಎಡಗಡೆಯ ಮೀಟರ್‌ಗೆ, ಇನ್ನೊಂದು ಬಲಗಡೆಯ ಮೀಟರ್‌ಗೆ. ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರ್ ಕೂಡ ಒಂದೇ ಪಟ್ಟಿಯಿಂದ ಕವಲೊಡೆದಿತ್ತು. ಒಂದು ಮನೆಗೆ ಅಂತ ಹಾಕಿದ ಫ್ಯೂಸ್, ಒಂದು ಮನೆಗೆ ಅಂತ ಎಳೆದ ವೈರ್, ಎರಡು ಮನೆಯ ಹೊರೆ ಹೊತ್ತುಕೊಂಡು ವರ್ಷಗಟ್ಟಲೆ ನಡೆದಿತ್ತು. ಫ್ಯೂಸ್‌ನ ಪಿಂಗಾಣಿ ಒಂದು ಬದಿಯಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಕಾದು ಕಾದು ಆಗುವ ಬಣ್ಣ ಅದು.

ಕೆಲಸ ನಿಂತದ್ದು

ಚಕ್ರ ತಿರುಗುವ ಹಳೇ ಮೀಟರ್ ತೆಗೆದು ಎಲೆಕ್ಟ್ರಾನಿಕ್ ಮೀಟರ್ ಹಾಕುವ ಕೆಲಸ ಆ ಬೀದಿಯಲ್ಲಿ ನಡೆಯುತ್ತಿತ್ತು. ಬಂದ ಹುಡುಗ ಬೋರ್ಡ್ ನೋಡಿದ, ಫೋಟೊ ತೆಗೆದ, ಚೀಲದ ಜಿಪ್ ಎಳೆದುಕೊಂಡ.

"ಅಮ್ಮ, ಇದು ಶೇರಿಂಗ್ ಇದೆ. ಈ ಫ್ಯೂಸ್ ಕಿತ್ತರೆ ಮೇಲಿನವರದ್ದೂ ಹೋಗುತ್ತೆ. ನಾನು ಮುಟ್ಟೋ ಹಾಗಿಲ್ಲ."

ಅವನು ಹೇಳಿದ್ದು ಸರಿ. ಮೀಟರ್ ಬದಲಿಸಬೇಕಾದರೆ ಮೀಟರ್‌ನ ಹಿಂದಿನ ಕರೆಂಟ್ ಪೂರ್ತಿ ತೆಗೆಯಬೇಕು. ಅದಕ್ಕೆ ಆ ಒಂದು ಫ್ಯೂಸ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಮೇಲ್ಮನೆಯ ತಾತನಿಗೆ ಆಮ್ಲಜನಕ ಕೊಡುವ ಯಂತ್ರ ಹಗಲೂ ರಾತ್ರಿ ಓಡುತ್ತಿತ್ತು. ಮುಂಚೆ ಹೇಳದೆ ಅವರ ಕರೆಂಟ್ ತೆಗೆದಿದ್ದರೆ ಏನಾಗುತ್ತಿತ್ತೋ. ಆ ಹುಡುಗ ಕೈ ಹಾಕದೆ ಹೋದದ್ದು ಒಳ್ಳೆಯದೇ ಆಯಿತು.

ಎರಡನೇ ಸಲ ಇನ್ನೊಬ್ಬ ಬಂದ. ಮೇಲಕ್ಕೆ ಹೋಗಿ "ಒಂದರ್ಧ ಗಂಟೆ ತೆಗೀತೀವಿ" ಎಂದ. ತಾತನ ಮಗ ಒಪ್ಪಲಿಲ್ಲ. ಹೋಗುವಾಗ ಆತ ಚೀಟಿಯಲ್ಲಿ ಬರೆದದ್ದು: ಗ್ರಾಹಕರು ಸಹಕರಿಸಲಿಲ್ಲ.

ಆ ಎರಡು ಪದಗಳಿಂದ ಏನೇನಾಯಿತು ಎಂದು ಸ್ವಲ್ಪ ಹೇಳಬೇಕು. ಚೀಟಿ ಇದ್ದದ್ದು ಕೆಳಮನೆಯ ಹೆಸರಿನಲ್ಲಿ. ಹಾಗಾಗಿ ದಾಖಲೆಯಲ್ಲಿ ಸಹಕರಿಸದವರು ಶಿಕ್ಷಕಿ. ಅವರು ಎರಡೂ ದಿನ ಬಾಗಿಲು ತೆರೆದು, ಬೋರ್ಡ್ ಮುಂದಿದ್ದ ಕುರ್ಚಿ ಸರಿಸಿ, ಕಾದು ಕೂತಿದ್ದರು. ಕಚೇರಿಗೆ ಫೋನ್ ಮಾಡಿದರೆ ಮೀಟರ್ ವಿಭಾಗದವರು "ವೈರ್ ಬೇರೆ ಮಾಡಿಸಿಕೊಳ್ಳಿ, ಆಮೇಲೆ ಬರ್ತೀವಿ" ಎಂದರು. ಲೈನ್ ವಿಭಾಗದವರು "ಮೀಟರ್ ಬದಲಿಸೋದು ನಮ್ಮ ಕೆಲಸ ಅಲ್ಲ" ಎಂದರು. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ನಿಜವನ್ನೇ ಹೇಳಿದರು. ಆದರೆ ಮಧ್ಯದಲ್ಲಿದ್ದ ಕೆಲಸ ಯಾರ ಪಟ್ಟಿಯಲ್ಲೂ ಇರಲಿಲ್ಲ. ಮೇಲ್ಮನೆಯವರಿಗೂ ಶಿಕ್ಷಕಿಗೂ ಮಾತು ಕಡಿಮೆಯಾಯಿತು. "ಅವರಿಂದ ನನಗೆ ಕೆಟ್ಟ ಹೆಸರು" ಅಂತ ಇವರಿಗೆ. "ಇವರ ಮೀಟರ್‌ಗಾಗಿ ನಮ್ಮಪ್ಪನ ಜೀವ ಪಣಕ್ಕಿಡಬೇಕಾ" ಅಂತ ಅವರಿಗೆ.

ನನ್ನನ್ನು ಕರೆದದ್ದು ಆಗ.

ಹೊರಗಿನ ಗಂಟು ಬಿಚ್ಚಿದ್ದು

ಮನೆ ವೈರಿಂಗ್ ಪರೀಕ್ಷೆ ನನ್ನ ಕೆಲಸ. ಸೀಲ್ ಹಾಕಿದ ಫ್ಯೂಸ್, ಸೀಲ್ ಹಾಕಿದ ಮೀಟರ್ ನಾನು ಮುಟ್ಟುವುದಿಲ್ಲ. ಮನೆಯವರೂ ಮುಟ್ಟಬಾರದು. ಅದು ಸರಬರಾಜು ಮಾಡುವವರ ಜವಾಬ್ದಾರಿ. ಜೊತೆಗೆ, ಆ ಫ್ಯೂಸ್‌ನ ಮೇಲಿನ ತುದಿಯಲ್ಲಿ ಕರೆಂಟ್ ಯಾವಾಗಲೂ ಇರುತ್ತದೆ, ಅದನ್ನು ಆರಿಸುವ ಸ್ವಿಚ್ ಮನೆಯಲ್ಲಿ ಇರುವುದಿಲ್ಲ. ಆದ್ದರಿಂದ ಮೊದಲ ದಿನ ನಾನು ಮಾಡಿದ್ದು ನೋಡುವ, ಬರೆದುಕೊಳ್ಳುವ ಕೆಲಸ ಮಾತ್ರ.

ಮುಂದೆ ಮೂರು ದಾರಿ ಇತ್ತು. ಎರಡೂ ಮನೆಯ ಕರೆಂಟ್ ಒಟ್ಟಿಗೆ ತೆಗೆದು, ಇರುವ ಹಾಗೆಯೇ ಮೀಟರ್ ಬದಲಿಸುವುದು ಮೊದಲನೆಯದು. ಬೇಗ ಮುಗಿಯುತ್ತಿತ್ತು. ಆದರೆ ಕಂದಿದ ಫ್ಯೂಸ್ ಅಲ್ಲೇ ಉಳಿಯುತ್ತಿತ್ತು, ಮುಂದಿನ ಸಲ ಮೀಟರ್ ಕೆಟ್ಟಾಗ ಮತ್ತೆ ಇದೇ ಜಗಳ. ಒಂದೇ ಸರ್ವಿಸ್ ವೈರ್ ಇಟ್ಟುಕೊಂಡು ಪ್ರತಿ ಮನೆಗೆ ಬೇರೆ ಫ್ಯೂಸ್ ಹಾಕುವುದು ಎರಡನೆಯದು. ಮೇಲ್ಮನೆಗೆ ಕಂಬದಿಂದಲೇ ಬೇರೆ ಸರ್ವಿಸ್ ವೈರ್ ಎಳೆಯುವುದು ಮೂರನೆಯದು. ಹಳೇ ವೈರ್‌ನ ದಪ್ಪ ನೋಡಿದಾಗ ಎರಡು ಮನೆಯ ಇವತ್ತಿನ ಹೊರೆಗೆ ಅದು ಸಾಲದು ಅನ್ನಿಸಿತು. ಮೂರನೆಯದನ್ನೇ ಕೇಳೋಣ ಎಂದೆ.

ಕೇಳುವುದು ಹೇಗೆ ಎನ್ನುವುದರಲ್ಲೇ ಇತ್ತು ಮುಖ್ಯ ತಿರುವು. ಅಲ್ಲಿಯವರೆಗೆ ದೂರು ಹೋದದ್ದೆಲ್ಲ ಒಬ್ಬರ ಹೆಸರಿನಲ್ಲಿ, ಫೋನ್‌ನಲ್ಲಿ, "ನಮ್ಮ ಮೀಟರ್ ಬದಲಿಸಿ" ಅಂತ. ನಾನು ಎರಡೂ ಮನೆಯವರನ್ನು ಶಿಕ್ಷಕಿಯ ಪಡಸಾಲೆಯಲ್ಲಿ ಕೂರಿಸಿ, ಬೋರ್ಡ್ ಎದುರಿಗೇ ವೈರ್ ತೋರಿಸಿದೆ. ಇದು ಇಬ್ಬರಲ್ಲಿ ಯಾರ ತಪ್ಪೂ ಅಲ್ಲ, ಮೇಲಿನ ಮನೆ ಕಟ್ಟಿದ ದಿನ ಯಾರೋ ಸುಲಭದ ದಾರಿ ಹಿಡಿದದ್ದು ಎಂದು ಕಣ್ಣಾರೆ ನೋಡಿದ ಮೇಲೆ ಇಬ್ಬರ ದನಿಯೂ ಇಳಿಯಿತು. ಒಂದೇ ಅರ್ಜಿ ಬರೆದೆವು. ಎರಡೂ ಮನೆಯ ಗ್ರಾಹಕ ಸಂಖ್ಯೆ, ಇಬ್ಬರ ಸಹಿ, ಬೋರ್ಡ್‌ನ ಫೋಟೊ. ಫೋಟೊದ ಮೇಲೆ ಬಾಣ ಹಾಕಿ "ಈ ಒಂದು ಫ್ಯೂಸ್‌ನಿಂದ ಎರಡು ಮೀಟರ್" ಎಂದು ಬರೆದೆವು. ಬೇಡಿಕೆ ಮೀಟರ್ ಬದಲಿಸಿ ಅಂತ ಇರಲಿಲ್ಲ. "ಮೊದಲು ಸರ್ವಿಸ್ ಬೇರೆ ಮಾಡಿ, ಅದೇ ದಿನ ಎರಡೂ ಮೀಟರ್ ಬದಲಿಸಿ, ಮನೆಯಲ್ಲಿ ಆಮ್ಲಜನಕದ ಯಂತ್ರ ಇರುವುದರಿಂದ ದಿನ ಮತ್ತು ಗಂಟೆ ಮುಂಚೆ ತಿಳಿಸಿ" ಅಂತ ಇತ್ತು.

ಎರಡು ವಿಭಾಗದ ಕೆಲಸ ಒಂದೇ ಹಾಳೆಯಲ್ಲಿ ಬಂದಿದ್ದರಿಂದ, ಆ ಹಾಳೆಯನ್ನು ಇಬ್ಬರಿಗೂ ಮೇಲಿನ ಅಧಿಕಾರಿ ನೋಡಬೇಕಾಯಿತು. ದಿನ ಗೊತ್ತಾಯಿತು. ತಾತನಿಗೆ ಮಗ ಹಿಂದಿನ ದಿನವೇ ಸಿಲಿಂಡರ್ ತಂದಿಟ್ಟು, ಅರ್ಧ ಗಂಟೆ ಹಾಕಿ ನೋಡಿದ. ಲೈನ್‌ನವರು ಬೆಳಿಗ್ಗೆ ಬಂದರು, ಮೇಲ್ಮನೆಗೆ ಬೇರೆ ವೈರ್ ಎಳೆದರು, ಹೊಸ ಕಟೌಟ್ ಕೂರಿಸಿದರು. ಮಧ್ಯಾಹ್ನದೊಳಗೆ ಎರಡೂ ಹೊಸ ಮೀಟರ್ ಬಂದವು. ಚೆನ್ನಾಗಿ ಮಾಡಿದ ಕೆಲಸ. ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋದೆವು.

ಕೆಂಪು ದೀಪ

ಮೊದಲ ಬಿಲ್ ಬಂದಾಗ ಶಿಕ್ಷಕಿ ಫೋನ್ ಮಾಡಿದರು. ತಿಂಗಳಿಗೆ 90 ಯೂನಿಟ್ ಆಸುಪಾಸು ಬರುತ್ತಿದ್ದದ್ದು 150 ಆಗಿತ್ತು. ಹೊಸ ಮೀಟರ್ ಬಂದ ಮೇಲೆ ಯೂನಿಟ್ ಜಾಸ್ತಿ ಬರುತ್ತಿದೆ ಎಂಬ ಮಾತು ಎಲ್ಲ ಕಡೆ ಕೇಳುವಂಥದ್ದು. ಹಳೇ ಮೀಟರ್ ಸವೆದು ನಿಧಾನ ಆಗಿದ್ದಿರಬಹುದು, ಇನ್ನೊಂದು ತಿಂಗಳು ನೋಡೋಣ ಅಮ್ಮ ಎಂದೆ. ಆ ಮಾತು ನಾನು ಆಡಬಾರದಿತ್ತು. ಎರಡನೇ ಬಿಲ್ 148.

ಅದರ ಜೊತೆಗೆ ಇನ್ನೊಂದು ಸಂಗತಿ. ಹೊಸ ಮೀಟರ್‌ನ ಮುಖದ ಮೇಲೆ ಎರಡು ಪುಟ್ಟ ದೀಪ ಇದ್ದವು. ಒಂದು, ಕರೆಂಟ್ ಬಳಸಿದ ಹಾಗೆ ಮಿಣುಕುವ ದೀಪ. ಇನ್ನೊಂದರ ಪಕ್ಕ ಇಎಲ್ ಎಂದು ಬರೆದಿತ್ತು. ಅರ್ತ್ ಲೋಡ್ ಅಂತ, ಅರ್ತ್ ಅಂದರೆ ನೆಲಕ್ಕೆ ಇಳಿಸಿದ ವೈರ್. ಆ ಕೆಂಪು ದೀಪ ಕೆಲವೊಮ್ಮೆ ಹೊತ್ತಿಕೊಳ್ಳುತ್ತಿತ್ತು. ರೀಡಿಂಗ್‌ಗೆ ಬಂದವನೊಬ್ಬ ಅದನ್ನು ನೋಡಿ, "ನ್ಯೂಟ್ರಲ್ ಬದಲು ಅರ್ತ್ ಹಾಕಿ ಕರೆಂಟ್ ಎಳೆದರೆ ಈ ದೀಪ ಬರುತ್ತಮ್ಮ, ಜೋಪಾನ" ಎಂದುಬಿಟ್ಟ. ಹೇಳಿ ಹೋದವನು ಮರೆತಿರಬಹುದು. ಇವರು ಮರೆಯಲಿಲ್ಲ. ನಾನು ಹೋದಾಗ ಮೀಟರ್ ಮೇಲೆ ಒಂದು ಕ್ಯಾಲೆಂಡರ್ ನೇತುಹಾಕಿದ್ದರು. ದೀಪ ಬಂದವರ ಕಣ್ಣಿಗೆ ಬೀಳದಿರಲಿ ಅಂತ.

"ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಕದಿಯೋಳು ಅಂತ ಅನ್ನಿಸಿಕೊಳ್ಳೋ ಹಾಗಾಯ್ತಲ್ಲಪ್ಪ."

ಅವರು ಮೀಟರ್ ಪರೀಕ್ಷೆಗೆ ಅರ್ಜಿ ಕೊಟ್ಟಿದ್ದರು. ಪಕ್ಕದಲ್ಲಿ ಇನ್ನೊಂದು ಚೆಕ್ ಮೀಟರ್ ಜೋಡಿಸಿ ಒಂದು ವಾರ ಬಿಟ್ಟರು. ಎರಡೂ ಒಂದೇ ಲೆಕ್ಕ ತೋರಿಸಿದವು. ಮೀಟರ್ ಸರಿ ಇದೆ ಎಂದು ಬರೆದುಕೊಟ್ಟರು. ಅದೂ ನಿಜವೇ. ಆ ಮಾಹಿತಿಯನ್ನು ಎಲ್ಲರೂ ತಪ್ಪಾಗಿ ಓದಿಕೊಂಡೆವು. ಮೀಟರ್ ಸರಿ ಇದ್ದರೆ ಇವರೇ ಖರ್ಚು ಮಾಡುತ್ತಿದ್ದಾರೆ ಎಂದಲ್ಲ. ಚೆಕ್ ಮೀಟರೂ ಅದೇ ವೈರ್‌ಗಳನ್ನೇ ನೋಡುತ್ತಿತ್ತು. ವೈರ್‌ನಲ್ಲಿ ಬರಬಾರದ ಕರೆಂಟ್ ಬಂದರೆ ಎರಡೂ ಮೀಟರ್ ಅದನ್ನು ನಿಷ್ಠೆಯಿಂದ ಎಣಿಸುತ್ತವೆ.

ಇಲ್ಲಿ ಹಳೇ ಮೀಟರ್‌ಗೂ ಹೊಸದಕ್ಕೂ ಇರುವ ಒಂದು ವ್ಯತ್ಯಾಸ ಹೇಳಬೇಕು, ಈ ಪ್ರಕರಣ ನಿಂತಿರುವುದೇ ಅದರ ಮೇಲೆ. ಚಕ್ರದ ಮೀಟರ್‌ಗೆ ಹಂಗೆರಿಯ ಒಟ್ಟೊ ಬ್ಲಾತಿ 1889ರಲ್ಲಿ ಪೇಟೆಂಟ್ ಪಡೆದರು. ಮನೆಗಳಲ್ಲಿ ಇರುತ್ತಿದ್ದ ಅಂಥ ಮೀಟರ್‌ನಲ್ಲಿ ಕರೆಂಟ್ ಹರಿಯುವ ಸುರುಳಿ, ಮನೆಗೆ ಕರೆಂಟ್ ತರುವ ಫೇಸ್ ವೈರ್‌ನಲ್ಲಿ ಮಾತ್ರ ಇರುತ್ತದೆ. ನ್ಯೂಟ್ರಲ್‌ನಲ್ಲಿ ಎಷ್ಟು ಹರಿಯಿತು ಎಂದು ಅದು ನೋಡುವುದೇ ಇಲ್ಲ. ಇದನ್ನು ತಿಳಿದವರು ಕರೆಂಟ್ ಕದಿಯಲು ಬಳಸಿಕೊಂಡರು. ಹಾಗಾಗಿ ಹಲವು ಎಲೆಕ್ಟ್ರಾನಿಕ್ ಮೀಟರ್‌ಗಳು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಅಳೆಯುತ್ತವೆ. ಎರಡೂ ಸಮ ಇರಬೇಕು. ಹೋದಷ್ಟು ವಾಪಸ್ ಬರಬೇಕು, ಅಲ್ವಾ? ಸಮ ಇಲ್ಲದಿದ್ದರೆ ಯಾವುದು ಜಾಸ್ತಿಯೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಕೆಂಪು ದೀಪವನ್ನೂ ಹೊತ್ತಿಸುತ್ತವೆ. ಕಳ್ಳತನ ಹಿಡಿಯಲು ಮಾಡಿದ ಏರ್ಪಾಡು ಇದು. ಆದರೆ ಪಕ್ಕದ ಮನೆಯ ಕರೆಂಟ್ ನಮ್ಮ ನ್ಯೂಟ್ರಲ್‌ನಲ್ಲಿ ವಾಪಸ್ ಹೋದರೂ ಮೀಟರ್‌ಗೆ ಅದು ಬೇರೆಯಾಗಿ ಕಾಣುವುದಿಲ್ಲ.

ಮೆಟ್ಟಿಲ ದೀಪ

ಇದು ಹೊಳೆದ ಮೇಲೆ ವೈರ್ ಕಡಿಯದೆ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ತಂದೆ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಅದರ ದವಡೆಯೊಳಗೆ ಒಟ್ಟಿಗೆ ಸೇರಿಸಿ ಹಿಡಿದರೆ ಸೊನ್ನೆ ತೋರಿಸಬೇಕು. ಹೋಗುವುದೂ ಬರುವುದೂ ಒಂದನ್ನೊಂದು ಅಳಿಸಿಹಾಕುತ್ತವೆ. ಮಧ್ಯಾಹ್ನ ಎರಡು ಗಂಟೆಗೆ ಹಿಡಿದೆ. ಹೆಚ್ಚು ಕಡಿಮೆ ಸೊನ್ನೆ. ಮೆಟ್ಟಿಲ ದೀಪ ಹಾಕಿಸಿದೆ. ಮುಳ್ಳಿನ ಮೊನೆಯಷ್ಟು ಅಲುಗಾಡಿತು.

ಎರಡು ಅಂತಸ್ತಿನ ಮನೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಮೆಟ್ಟಿಲ ದೀಪವನ್ನೇ. ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್. ವೈರ್ ಉಳಿಸಲು ಫೇಸ್ ಒಂದು ಕಡೆಯಿಂದ, ನ್ಯೂಟ್ರಲ್ ಇನ್ನೊಂದು ಕಡೆಯಿಂದ ತೆಗೆದುಕೊಂಡಿರುತ್ತಾರೆ. ಇಲ್ಲೂ ಹಾಗೇ ಇತ್ತು. ಮೇಲ್ಮನೆಯ ಫೇಸ್, ಕೆಳಮನೆಯ ನ್ಯೂಟ್ರಲ್. ಸರಿ ಮಾಡಿದೆ. ಸಿಕ್ಕಿತು ಅಮ್ಮ ಎಂದು ಹೇಳಿ ಹೊರಟೆ.

ಇಲ್ಲಿ ಒಂದು ನಿಮಿಷ ಕೂತು ಲೆಕ್ಕ ಹಾಕಿದ್ದರೆ ಸಾಕಿತ್ತು. ಆ ದೀಪ 9 ವಾಟ್. ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಕೂಡ ಆಗುವುದಿಲ್ಲ. ಜಾಸ್ತಿ ಬಂದದ್ದು 60 ಯೂನಿಟ್. ತಪ್ಪು ಸಿಕ್ಕಿತು ಎಂಬ ಖುಷಿಯಲ್ಲಿ ಈ ತಪ್ಪಿಗೆ ಇಷ್ಟು ದೊಡ್ಡ ಬಿಲ್ ಬರುತ್ತದೆಯೇ ಎಂದು ಕೇಳಿಕೊಳ್ಳಲೇ ಇಲ್ಲ. ಮಾರನೇ ದಿನ ಬೆಳಿಗ್ಗೆ ಫೋನ್ ಬಂತು. "ದೀಪ ಮತ್ತೆ ಬಂದಿದೆ."

ನೋಟ್‌ಬುಕ್

ಮುಂದಿನ ಹತ್ತು ದಿನ ಕೆಲಸ ಮಾಡಿದ್ದು ನಾನಲ್ಲ, ಶಿಕ್ಷಕಿ. "ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ, ಸುಮ್ನೆ ಬರೆದಿಡಿ ಅಮ್ಮ" ಎಂದಿದ್ದೆ. ಅವರು ಕ್ಯಾಲೆಂಡರ್ ತೆಗೆದಿಟ್ಟು, ಕುರ್ಚಿ ಹಾಕಿಕೊಂಡು ಬರೆದರು. ಶಾಲೆಯ ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು, ತಾರೀಕು, ಹೊತ್ತಿದ ಸಮಯ, ಆರಿದ ಸಮಯ, ಷರಾ. ಬೆಳಿಗ್ಗೆ 6.10ರಿಂದ 6.32. ಮತ್ತೆ 7.05ರಿಂದ 7.20. ಸಂಜೆ ಒಮ್ಮೊಮ್ಮೆ. ಮಧ್ಯಾಹ್ನ ಒಂದು ಸಲವೂ ಇಲ್ಲ. ಭಾನುವಾರ ತಡವಾಗಿ, ಎಂಟು ಗಂಟೆ ಮೇಲೆ. ಷರಾ ಅಂಕಣದಲ್ಲಿ ಒಂದು ಕಡೆ: "ಮೇಲೆ ಬಚ್ಚಲಲ್ಲಿ ನೀರಿನ ಸದ್ದು."

ಅದನ್ನು ಓದಿದಾಗ ನನಗೆ ಎರಡು ವಿಷಯ ಒಟ್ಟಿಗೆ ಹೊಳೆದವು. ಒಂದು, ಇದು ಗೀಸರ್. ಇನ್ನೊಂದು, ನಾನು ಮಧ್ಯಾಹ್ನ ಎರಡಕ್ಕೆ ಪರೀಕ್ಷೆ ಮಾಡಿದ್ದೆ. ಆಗ ಗೀಸರ್ ಆಫ್ ಇತ್ತು. ಮನೆಯ ಪ್ರತಿಯೊಂದು ವಸ್ತುವನ್ನೂ ಒಂದೊಂದಾಗಿ ಹಾಕಿ ನೋಡದೆ ಮಾಡಿದ ಕ್ಲ್ಯಾಂಪ್ ಪರೀಕ್ಷೆಗೆ ಅರ್ಥವೇ ಇಲ್ಲ.

ಮಾರನೇ ಬೆಳಿಗ್ಗೆ ಆರಕ್ಕೆ ಹೋದೆ. ಮೇಲೆ ಗೀಸರ್ ಹಾಕಿಸಿದೆ. ಕೆಳಗೆ ಮೀಟರ್‌ನ ಕೆಂಪು ದೀಪ ಹೊತ್ತಿತು. ಕೆಳಮನೆಯ ಎರಡು ವೈರ್ ಸೇರಿಸಿ ಕ್ಲ್ಯಾಂಪ್ ಹಿಡಿದರೆ 8.6 ಆಂಪಿಯರ್. 2000 ವಾಟ್ ಗೀಸರ್ 230 ವೋಲ್ಟ್‌ನಲ್ಲಿ ಎಳೆಯುವುದು 8.7ರ ಹತ್ತಿರ. ದಿನಕ್ಕೆ ಒಟ್ಟು ಒಂದು ಗಂಟೆ ಓಡಿದರೆ 2 ಯೂನಿಟ್, ತಿಂಗಳಿಗೆ 60. ಈ ಸಲ ಲೆಕ್ಕ ಕೂಡಿಬಂತು.

ಆಮೇಲೆ ಕೆಳಮನೆಯ ಮೇನ್ ಸ್ವಿಚ್ ಆಫ್ ಮಾಡಿದೆ. ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್. ಮೇಲಿನಿಂದ ಹುಡುಗ ಕೂಗಿ ಹೇಳಿದ: "ಸರ್, ಗೀಸರ್ ಆರಿಹೋಯ್ತು!"

ಕೆಳಗೆ ಮೇನ್ ಆಫ್. ಇಡೀ ಮನೆ ಕತ್ತಲು. ಟೆಸ್ಟರ್ ತೆಗೆದು ಕೆಳಮನೆಯ ನ್ಯೂಟ್ರಲ್ ಪಟ್ಟಿಗೆ ಮುಟ್ಟಿಸಿದೆ. ಟೆಸ್ಟರ್ ಹೊತ್ತಿತು. ಆರಿಸಿದ ಮನೆಯಲ್ಲಿ, ಮುಟ್ಟಿದರೆ ಏನೂ ಆಗದು ಎಂದು ಎಲ್ಲರೂ ನಂಬುವ ಕಪ್ಪು ವೈರ್‌ನಲ್ಲಿ, ಮೇಲಿನ ಗೀಸರ್ ಮೂಲಕ ಇಳಿದು ಬಂದ 230 ವೋಲ್ಟ್ ನಿಂತಿತ್ತು. ಬಿಲ್ ವಿಷಯ ಆ ಕ್ಷಣಕ್ಕೆ ನನ್ನ ತಲೆಯಿಂದ ಹೋಯಿತು. ಮೇನ್ ಆಫ್ ಮಾಡಿ ಸ್ವಿಚ್ ಬೋರ್ಡ್ ಬಿಚ್ಚಿದ ಯಾರು ಬೇಕಾದರೂ ಇಲ್ಲಿ ಸಾಯಬಹುದಿತ್ತು. ಮೆಟ್ಟಿಲ ದೀಪ ಸರಿ ಮಾಡುವಾಗ ನಾನೂ ಅದೇ ಮೇನ್ ಆಫ್ ಮಾಡಿ ಕೆಲಸ ಮಾಡಿದ್ದೆ. ಆಗ ಮೇಲೆ ಯಾರೂ ಗೀಸರ್ ಹಾಕಲಿಲ್ಲ, ಅಷ್ಟೇ. ಹೊಸ ಸರ್ವಿಸ್ ಎಳೆದ ದಿನ ಮೇಲ್ಮನೆಗೆ ಕಂಬದ ಇನ್ನೊಂದು ಫೇಸ್ ವೈರ್ ಕೊಟ್ಟಿದ್ದರೆ ಇನ್ನೂ ಕಷ್ಟವಿತ್ತು. ಕೆಳಮನೆಯ ನ್ಯೂಟ್ರಲ್ ಎಲ್ಲಾದರೂ ಕಿತ್ತುಹೋಗಿದ್ದರೆ, ಎರಡು ಫೇಸ್ ನಡುವಿನ 400 ವೋಲ್ಟ್‌ಗೆ ಗೀಸರ್ ಜೊತೆ ಕೆಳಮನೆಯ ಸಾಮಾನುಗಳೂ ಸಿಕ್ಕಿಕೊಳ್ಳುತ್ತಿದ್ದವು.

ಗೋಡೆಯೊಳಗೆ

ಮೇಲ್ಮನೆಯ ಬಚ್ಚಲು ಕೆಳಮನೆಯ ಬಚ್ಚಲ ಮೇಲೇ ಇದೆ. ಗೀಸರ್ ಹಾಕಿದವರು ಫೇಸ್ ಅನ್ನು ಮೇಲಿನ ಬೋರ್ಡ್‌ನಿಂದ ತಂದಿದ್ದರು. ನ್ಯೂಟ್ರಲ್ ತರಲು ಪೈಪ್‌ನಲ್ಲಿ ಜಾಗ ಇರಲಿಲ್ಲವೋ ಏನೋ, ಕೆಳಗಿನ ಪೈಪ್‌ನ ಜಂಕ್ಷನ್ ಬಾಕ್ಸ್‌ನಲ್ಲಿ ಸಿಕ್ಕ ಕಪ್ಪು ವೈರ್‌ಗೆ ಸುತ್ತಿ ಟೇಪ್ ಹಾಕಿದ್ದರು. ಗೀಸರ್ ಕೆಲಸ ಮಾಡಿತು. ಹಳೇ ಮೀಟರ್‌ಗಳು ಫೇಸ್ ಮಾತ್ರ ನೋಡುತ್ತಿದ್ದರಿಂದ ಮೇಲಿನವರ ಯೂನಿಟ್ ಮೇಲಿನವರಿಗೇ ಬಂತು. ಯಾರಿಗೂ ಗೊತ್ತಾಗಲಿಲ್ಲ.

ಹೊಸ ಮೀಟರ್ ಬಂದ ಮೇಲೆ ಮೇಲಿನ ಮೀಟರ್ ಗೀಸರ್‌ನ ಫೇಸ್ ಎಣಿಸಿತು. ಕೆಳಗಿನ ಮೀಟರ್ ಅದೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಹೋಗುವಾಗ ಎಣಿಸಿತು. ಒಂದೇ ಬಿಸಿನೀರಿಗೆ ಎರಡು ಬಿಲ್. ಮೇಲಿನವರು ಕದಿಯಲಿಲ್ಲ. ಕೆಳಗಿನವರೂ ಕದಿಯಲಿಲ್ಲ. ಇದನ್ನು ಹಾಳೆಯ ಮೇಲೆ ಬಿಡಿಸಿ ಇಬ್ಬರಿಗೂ ತೋರಿಸಿದಾಗ ಶಿಕ್ಷಕಿ ಆ ಹಾಳೆ ತಾವೇ ಇಟ್ಟುಕೊಂಡರು.

ಸುಳಿವು ಮೊದಲಿನಿಂದಲೂ ಇತ್ತು, ಕೇಳುವವರು ಇರಲಿಲ್ಲ. ಮೇಲಿನ ಹುಡುಗ ಆಗ ನೆನಪು ಮಾಡಿಕೊಂಡ: "ಹಿಂದೆ ಕೆಳಗೆ ವೈರಿಂಗ್ ಕೆಲಸ ಆದ ದಿನ ನಮ್ಮ ಮನೇಲಿ ಬಿಸಿನೀರು ಬರ್ಲಿಲ್ಲ." ಅವರ ತಂದೆ ಇನ್ನೊಂದು ಹೇಳಿದರು. ಮನೆ ಕೊಂಡ ಹೊಸದರಲ್ಲಿ ಆರ್‌ಸಿಸಿಬಿ ಎಂಬ, ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ ಹಾಕಿಸಿದ್ದರಂತೆ. ಗೀಸರ್ ಹಾಕಿದಾಗಲೆಲ್ಲ ಟ್ರಿಪ್ ಆಗುತ್ತಿತ್ತು. ಕೆಲಸದವನು "ಇದು ಸುಮ್ನೆ ತೊಂದರೆ ಕೊಡುತ್ತೆ" ಎಂದು ಅದನ್ನೇ ತೆಗೆದುಹಾಕಿದ್ದ. ಫೇಸ್‌ನಲ್ಲಿ ಹೋದ ಕರೆಂಟ್ ತನ್ನ ನ್ಯೂಟ್ರಲ್‌ನಲ್ಲಿ ವಾಪಸ್ ಬರದಿದ್ದರೆ ಆರ್‌ಸಿಸಿಬಿ ಬೀಳಲೇಬೇಕು. ಮನೆಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದು. ಇಲ್ಲಿ ವಾಪಸ್ ಬಾರದೆ ಹೋಗುತ್ತಿದ್ದದ್ದು ಎಂಟು ಆಂಪಿಯರ್ ಮೇಲೆ. ಆ ಪುಟ್ಟ ಪೆಟ್ಟಿಗೆ ವರ್ಷಗಳ ಹಿಂದೆಯೇ ಸರಿಯಾದ ಉತ್ತರ ಹೇಳಿತ್ತು.

ರಿಪೇರಿ ಅರ್ಧ ದಿನದ ಕೆಲಸ. ಈ ಸಲ ಎರಡೂ ಮನೆಯ ಮೇನ್ ಆಫ್ ಮಾಡಿ, ಎರಡೂ ಕಡೆ ನ್ಯೂಟ್ರಲ್‌ಗೂ ಟೆಸ್ಟರ್ ಹಿಡಿದು ನೋಡಿದ ಮೇಲೇ ಬಾಕ್ಸ್ ಬಿಚ್ಚಿದೆ. ಸುತ್ತಿದ್ದ ಜಾಯಿಂಟ್‌ನ ಟೇಪ್ ಕರಗಿ ವೈರ್‌ಗೆ ಅಂಟಿಕೊಂಡಿತ್ತು. ಮೇಲಿನ ಬೋರ್ಡ್‌ನಿಂದ ಗೀಸರ್‌ಗೆ 2.5 ಚದರ ಮಿಲಿಮೀಟರ್‌ನ ತಾಮ್ರದ ನ್ಯೂಟ್ರಲ್ ಬೇರೆ ಎಳೆದೆ. ಎರಡೂ ಮನೆಗೆ ಆರ್‌ಸಿಸಿಬಿ ಹಾಕಿದೆ. ಬಿಲ್‌ಗಿಂತ ಒಳ್ಳೆಯ ಪರೀಕ್ಷಕ ಅದು. ಮುಂದೆ ಯಾರಾದರೂ ಮತ್ತೆ ವೈರ್ ಬೆರೆಸಿದರೆ ಅದೇ ದಿನ ಬೀಳುತ್ತದೆ, ಮೂರು ತಿಂಗಳು ಕಾಯಬೇಕಿಲ್ಲ.

ಈಗ ಒಂದೇ ಸರ್ವಿಸ್‌ನಿಂದ ಎರಡು ಮನೆ ನಡೆಯುತ್ತಿದೆ ಎಂದು ಯಾರಾದರೂ ಕರೆದರೆ ನಾನು ಮೀಟರ್ ಬೋರ್ಡ್ ನೋಡುವ ಮುಂಚೆಯೇ ಒಂದು ಮನೆಯ ಮೇನ್ ಆಫ್ ಮಾಡಿಸಿ, ಇನ್ನೊಂದು ಮನೆಯ ಎಲ್ಲ ದೀಪ, ಫ್ಯಾನ್, ಮೋಟಾರ್, ಗೀಸರ್ ಒಂದೊಂದಾಗಿ ಹಾಕಿಸುತ್ತೇನೆ. ಹಾಗೇ ತಿರುಗಿಸಿ ಇನ್ನೊಂದು ಮನೆ. ಯಾವುದಾದರೂ ಓಡದೆ ಹೋದರೆ, ಅಥವಾ ಆರಿಸಿದ ಮನೆಯಲ್ಲಿ ಏನಾದರೂ ಹೊತ್ತಿಕೊಂಡರೆ, ಗೋಡೆಯೊಳಗೆ ಹಂಚಿಕೆ ಇದೆ ಎಂದು ಅರ್ಥ. ಅದನ್ನು ಬಿಡಿಸದೆ ಹೊಸ ಮೀಟರ್‌ಗೆ ದಿನ ಗೊತ್ತು ಮಾಡಬೇಡಿ ಎಂದೇ ಹೇಳುತ್ತೇನೆ. ಈ ಮನೆಯಲ್ಲಿ ಆ ಪರೀಕ್ಷೆಗೆ ಇಪ್ಪತ್ತು ನಿಮಿಷ ಸಾಕಿತ್ತು, ಅರ್ಜಿ ಬರೆದ ದಿನವೇ ಮಾಡಬಹುದಿತ್ತು.

ದುಡ್ಡಿನ ಲೆಕ್ಕ

ಜಾಸ್ತಿ ಕಟ್ಟಿದ ಮೂರು ತಿಂಗಳ ಹಣ ವಾಪಸ್ ಕೇಳಿ ಶಿಕ್ಷಕಿ ಅರ್ಜಿ ಕೊಟ್ಟರು. ನೋಟ್‌ಬುಕ್‌ನ ಪುಟಗಳು, ಕ್ಲ್ಯಾಂಪ್ ಮೀಟರ್‌ನ ಫೋಟೊ ಎಲ್ಲ ಸೇರಿಸಿದ್ದೆವು. ಮೀಟರ್ ದಾಟಿದ ವೈರಿಂಗ್ ಗ್ರಾಹಕರ ಜವಾಬ್ದಾರಿ, ಮೀಟರ್ ಸರಿ ಇದೆ, ಹಾಗಾಗಿ ಕೊಡಲಾಗುವುದಿಲ್ಲ ಎಂದು ಉತ್ತರ ಬಂತು. ಒಂದೇ ಯೂನಿಟ್‌ಗೆ ಎರಡು ಸಲ ಹಣ ಬಂದದ್ದು ಅಳತೆಯಲ್ಲೇ ಕಾಣುವಾಗ ಈ ಉತ್ತರ ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಅವರು ಮೇಲ್ಮನವಿ ಕೊಟ್ಟಿದ್ದಾರೆ. ಅದು ಇನ್ನೂ ತೀರ್ಮಾನವಾಗಿಲ್ಲ.

ಮೇಲ್ಮನೆಯವರು ತಮ್ಮ ಬಿಲ್ ತಾವು ಪೂರ್ತಿ ಕಟ್ಟಿದ್ದರು. ಲೆಕ್ಕದಲ್ಲಿ ಅವರು ಯಾರಿಗೂ ಏನೂ ಕೊಡಬೇಕಿರಲಿಲ್ಲ. ಆದರೂ ರಿಪೇರಿಯ ಖರ್ಚು ಪೂರ್ತಿ ತಾವೇ ಕೊಟ್ಟರು. "ಗೀಸರ್ ನಮ್ಮದಲ್ವಾ ಅಮ್ಮ" ಎಂದರು.

ಕೊನೆಯ ಪರೀಕ್ಷೆ ಬೆಳಿಗ್ಗೆ ಆರಕ್ಕೇ ಇಟ್ಟುಕೊಂಡೆವು. ಮೇಲೆ ಗೀಸರ್ ಓಡುತ್ತಿತ್ತು, ಬಚ್ಚಲಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಕೆಳಗೆ ಕ್ಲ್ಯಾಂಪ್ ಹಿಡಿದೆ, ಸೊನ್ನೆ. ಶಿಕ್ಷಕಿ ಕನ್ನಡಕ ಹಾಕಿಕೊಂಡು ಮೀಟರ್ ಹತ್ತಿರ ಬಗ್ಗಿ ಆ ಕೆಂಪು ದೀಪವನ್ನೇ ನೋಡುತ್ತಾ ನಿಂತರು. ಐದು ನಿಮಿಷ, ಹತ್ತು ನಿಮಿಷ. ಅದು ಹೊತ್ತಲಿಲ್ಲ. ಆಮೇಲೆ ನೋಟ್‌ಬುಕ್ ತೆಗೆದು, ಆ ದಿನದ ತಾರೀಕು ಬರೆದು, ಮುಂದಿನ ಎರಡು ಅಂಕಣದಲ್ಲಿ ಗೆರೆ ಎಳೆದರು.